ಒದೆಗೆ ಹೆದರುವವಳ ಕೈಗೊಂದು ರಿವಾಲ್ವರ್

ಹೋದ ಶನಿವಾರ ನಾನು ಒಂದು ಪೇಪರ್ ತಟ್ಟೆಗೆ ಆರು ಗುಂಡು ಹೊಡೆದೆ. ಆರೂ ತಟ್ಟೆಯೊಳಗೇ ಬಿದ್ದವು.

ಗಾಬರಿ ಆಗಬೇಡಿ. ಹೌದು, ಹೋದ ವಾರ ಇದೇ ಜಾಗದಲ್ಲಿ ಅವೊಕಾಡೊ ಹಾಕಿ ಮಜ್ಜಿಗೆಹುಳಿ ಮಾಡಿ ಕೆಡಿಸಿದ ಕಥೆ ಹೇಳಿದವಳೇ ನಾನು. ದೀಪಾವಳಿಯಲ್ಲಿ ಸುರುಸುರು ಬತ್ತಿಯನ್ನೂ ತೋಳು ಉದ್ದಕ್ಕೆ ಚಾಚಿ, ಮುಖ ಆಚೆ ತಿರುಗಿಸಿ ಹಿಡಿಯುತ್ತಿದ್ದವಳು. ಮೈಸೂರಿನ ನಮ್ಮ ಬೀದಿಯಲ್ಲಿ ಯಾರಾದರೂ ಆನೆ ಪಟಾಕಿ ಹಚ್ಚಿದರೆ ಒಳಗೆ ಓಡಿ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದವಳು. ಅಂಥವಳ ಕೈಗೆ ನಲವತ್ಮೂರನೇ ವಯಸ್ಸಿನಲ್ಲಿ ರಿವಾಲ್ವರ್ ಬಂದದ್ದು ಹೇಗೆ?

ಹೇಳುತ್ತೇನೆ. ಇವತ್ತು ಬರೆಯಲು ಕೂತಿರುವುದೇ ಒಬ್ಬರಿಗೆ ಥ್ಯಾಂಕ್ಸ್ ಹೇಳುವುದಕ್ಕೆ. ಎದುರಿಗೆ ಹೇಳಲು ಹೋದರೆ ಆಕೆ ಕೇಳಿಸಿಕೊಳ್ಳುವುದಿಲ್ಲ. ಕನ್ನಡ ಅಂತೂ ಓದಲು ಬರುವುದಿಲ್ಲ. ಆದ್ದರಿಂದ ಧೈರ್ಯವಾಗಿ ಹೊಗಳಬಹುದು.

ನಿಮಗೆ ಗೊತ್ತಿರುವ ಹಾಗೆ ನಾನು ಗ್ಲೆಂಡೇಲ್‌ನ ಒಂದು ಸಣ್ಣ ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್. ಅಂಗಡಿಯ ಮಾಲೀಕರ ಹೆಸರು ಹಾಕೋಪ್. ಬೇರೂತಿನಿಂದ ಬಂದ ಆರ್ಮೇನಿಯನ್, ಅರವತ್ತು ದಾಟಿದವರು. ನನ್ನನ್ನು ‘ಡಾಕ್ಟರ್’ ಅಂತಲೇ ಕರೆಯುತ್ತಾರೆ. (ಎಷ್ಟು ಸಲ ತಿದ್ದಿದರೂ ಬಿಟ್ಟಿಲ್ಲ. ಈಗ ನಾನೂ ತಿದ್ದುವುದನ್ನು ಬಿಟ್ಟಿದ್ದೇನೆ. ಕೇಳಲು ಚೆನ್ನಾಗಿಯೇ ಇದೆ.)

ಜನವರಿಯ ಒಂದು ಮಂಗಳವಾರ. ಊಟದ ಹೊತ್ತು ಮುಗಿದಿತ್ತು. ಹಾಕೋಪ್ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದರು. ನಾನೊಬ್ಬಳೇ ಕೌಂಟರಿನ ಹಿಂದೆ ಮಾತ್ರೆ ಎಣಿಸುತ್ತಿದ್ದೆ.

ಮೂವತ್ತರ ಆಸುಪಾಸಿನ ಒಬ್ಬ ಮನುಷ್ಯ ಬಂದ. ಕಂದು ಬಣ್ಣದ ಜಾಕೆಟ್, ನೀಟಾಗಿ ಬಾಚಿದ ಕ್ರಾಪು. ಪ್ರಿಸ್ಕ್ರಿಪ್ಷನ್ ಕೊಡುವ ಹಾಗೆ ಒಂದು ಚೀಟಿ ಮುಂದಿಟ್ಟ. ಅದರಲ್ಲಿ ಮೂರು ನಾಲ್ಕು ಮಾತ್ರೆಗಳ ಹೆಸರಿತ್ತು. ಎಲ್ಲವೂ ನಶೆ ಏರಿಸುವ, ಬೀಗ ಹಾಕಿ ಇಡಬೇಕಾದ ಮಾತ್ರೆಗಳು. (ಸ್ಪೆಲಿಂಗ್ ಎಲ್ಲ ಸರಿಯಿತ್ತು. ಅದೂ ನನ್ನ ಕಣ್ಣಿಗೆ ಬಿತ್ತು. ಕಸುಬಿನ ಚಾಳಿ.) ಡಾಕ್ಟರ ಸಹಿ ಎಲ್ಲಿ ಅಂತ ತಲೆ ಎತ್ತಿದೆ. ಜಾಕೆಟ್ಟಿನ ಅಂಚು ಸ್ವಲ್ಪ ಸರಿಸಿದ. ಒಳಗೆ ರಿವಾಲ್ವರ್ ಇತ್ತು. ಅದರ ಹಿಡಿಯ ಮೇಲೆ ಅವನ ಕೈ ಇತ್ತು.

ಕೊಟ್ಟೆ. ಕೇಳಿದ್ದನ್ನೆಲ್ಲ ಕೊಟ್ಟೆ. ಒಂದು ಪೇಪರ್ ಬ್ಯಾಗಿನಲ್ಲಿ ಹಾಕಿಯೂ ಕೊಟ್ಟೆ.

ಅವನು “ಥ್ಯಾಂಕ್ಯೂ ಮ್ಯಾಮ್” ಅಂದ. ಬಾಗಿಲ ಹತ್ತಿರ ಹೋದ. ಅಷ್ಟರಲ್ಲಿ ನಮ್ಮ ಮಾಮೂಲಿ ಗಿರಾಕಿ ಮಿಸೆಸ್ ಕೆಲ್ಲರ್ ಊರುಗೋಲು ಹಿಡಿದು ಒಳಗೆ ಬರುತ್ತಿದ್ದರು. ಎಂಬತ್ತು ದಾಟಿದ ಅಜ್ಜಿ, ಹೃದಯದ ಮಾತ್ರೆಗೆ ಬರುವವರು. ಅವನು ಅಜ್ಜಿಗೆ ಬಾಗಿಲು ತೆರೆದು ಹಿಡಿದ. ಅಜ್ಜಿ ಒಳಗೆ ಬಂದರು. ಅವನು ಹೊರಗೆ ಹೋದ. “ಎಷ್ಟು ಒಳ್ಳೆ ಹುಡುಗ” ಅಂದರು ಅಜ್ಜಿ.

ಪೊಲೀಸರು ಬಂದರು, ಬರೆದುಕೊಂಡರು, ಹೋದರು. ನನಗೆ ಒಂದು ಗೀರೂ ಆಗಿರಲಿಲ್ಲ. ಫೋನ್ ಮಾಡಿದವರೆಲ್ಲ ಒಂದೇ ಮಾತು ಹೇಳಿದರು. “ಏನೂ ಆಗಲಿಲ್ಲವಲ್ಲ, ದೇವರು ದೊಡ್ಡವನು.”

ಏನೂ ಆಗಲಿಲ್ಲವೇ?

ಮಾರನೇ ದಿನ ಕೆಲಸಕ್ಕೆ ಹೋದೆ. ಮಾತ್ರೆ ಎಣಿಸುವುದಕ್ಕೆ ನಮ್ಮಲ್ಲಿ ಒಂದು ಪುಟ್ಟ ಟ್ರೇ ಇರುತ್ತೆ, ಒಂದು ಚಪ್ಪಟೆ ಚಮಚ ಇರುತ್ತೆ. ಐದೈದು ಮಾತ್ರೆಯನ್ನು ಚಮಚದ ಅಂಚಿನಿಂದ ಪಕ್ಕಕ್ಕೆ ತಳ್ಳಬೇಕು. ಹದಿನೇಳು ವರ್ಷದಿಂದ ಮಾಡಿಕೊಂಡು ಬಂದ ಕೆಲಸ. ಹಾಡು ಹೇಳಿಕೊಂಡು ಮಾಡಬಲ್ಲೆ. ಆವತ್ತು ಚಮಚ ಟ್ರೇಗೆ ತಾಗಿ ಟಕಟಕ ಅನ್ನಲು ಶುರುವಾಯಿತು. ನೋಡಿದರೆ ನನ್ನ ಕೈ ನಡುಗುತ್ತಿತ್ತು.

ಒಂದು ವಾರದಲ್ಲಿ ಸರಿ ಹೋಗುತ್ತೆ ಅಂದುಕೊಂಡೆ. ಹೋಗಲಿಲ್ಲ. ಹೊರಗೆ ಯಾರಾದರೂ ಕಾರಿನ ಬಾಗಿಲು ಜೋರಾಗಿ ಹಾಕಿದರೆ ಮಾತ್ರೆಗಳು ನೆಲದ ಮೇಲೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಹೇಳುವುದೇನು? ಏನೂ ಆಗಿರಲಿಲ್ಲವಲ್ಲ.

ಮೂರನೇ ವಾರ ಮಿಸೆಸ್ ಕೆಲ್ಲರ್ ಮಾತ್ರೆಗೆ ಬಂದರು. ಬಾಗಿಲ ಸದ್ದಿಗೆ ನನ್ನ ಎದೆ ಧಸಕ್ ಅಂದಿತ್ತು. ಬಾಟಲಿ ತೆಗೆದೆ, ಎಣಿಸಿದೆ, ತುಂಬಿಸಿದೆ, ಲೇಬಲ್ ಅಂಟಿಸಿದೆ. ಅಜ್ಜಿಯ ಕೈಗೆ ಕೊಡುವಷ್ಟರಲ್ಲಿ ಹಾಕೋಪ್ ಮಧ್ಯೆ ಕೈ ಚಾಚಿ ಬಾಟಲಿ ತೆಗೆದುಕೊಂಡರು. ಮುಚ್ಚಳ ತೆಗೆದು ಒಳಗೆ ನೋಡಿದರು. ಅಜ್ಜಿಗೆ ಕೊಡಬೇಕಾದ ಮಾತ್ರೆಯ ಎರಡರಷ್ಟು ಪವರಿನ ಮಾತ್ರೆ ತುಂಬಿಸಿದ್ದೆ. ಬಣ್ಣವೇ ಬೇರೆ. ಹೊಸದಾಗಿ ಕಲಿಯುವವರೂ ಮಾಡದ ತಪ್ಪು.

ಹಾಕೋಪ್ ಮಾತ್ರೆಗಳನ್ನು ವಾಪಸ್ ಸುರಿದು, ಸರಿಯಾದದ್ದನ್ನು ತಾವೇ ಎಣಿಸಿ, ಅಜ್ಜಿಯನ್ನು ಬಾಗಿಲವರೆಗೂ ಬಿಟ್ಟು ಬಂದರು. ನಾನು ಒಳಗೆ ಹೋಗಿ ರಟ್ಟಿನ ಪೆಟ್ಟಿಗೆಯ ಮೇಲೆ ಕೂತು ಅತ್ತೆ. ಅವರು ಬಾಗಿಲಲ್ಲಿ ನಿಂತು ಹೇಳಿದರು. “ಡಾಕ್ಟರ್, ಸ್ವಲ್ಪ ದಿನ ರಜ ತಗೊಳ್ಳಿ. ನಾನೊಂದು ರಿವಾಲ್ವರ್ ತಂದಿದ್ದೇನೆ, ಕೌಂಟರ್ ಕೆಳಗೆ ಇಡ್ತೀನಿ. ನೀವೂ ಕಲಿತುಕೊಂಡು ಬನ್ನಿ. ಆಮೇಲೆ ಇಬ್ಬರಿಗೂ ಧೈರ್ಯ ಇರುತ್ತೆ.”

ಒಳ್ಳೆ ಮನಸ್ಸಿನಿಂದಲೇ ಹೇಳಿದ್ದು. ನನಗೂ ಅದೇ ಸರಿ ಅನ್ನಿಸಿತು. ಹೆದರಿಕೆಗೆ ಔಷಧ ಬಂದೂಕು. ಎಲ್ಲರೂ ಹಾಗೇ ತಾನೇ ಹೇಳುವುದು?

ಆಮೇಲೆ ಶುರುವಾಯಿತು ಸಲಹೆಗಳ ಸುರಿಮಳೆ. ಆ ಭಾನುವಾರ ಸ್ನೇಹಿತರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಸಜ್ಜಿಗೆಯ ತಟ್ಟೆ ಕೈಯಲ್ಲಿ ಹಿಡಿದು ಗಂಡಸರೆಲ್ಲ ಬಂದೂಕಿನ ಎಕ್ಸ್‌ಪರ್ಟ್‌ಗಳಾದರು. ದೊಡ್ಡದು ತಗೊಳ್ಳಿ, ನೋಡಿದ ಕೂಡಲೇ ಕಳ್ಳ ಓಡಬೇಕು ಅಂದರು ಒಬ್ಬರು. ಚಿಕ್ಕದು ತಗೊಳ್ಳಿ, ಪರ್ಸಿನಲ್ಲಿ ಹಿಡಿಸಬೇಕು ಅಂದರು ಇನ್ನೊಬ್ಬರು. ಒಬ್ಬ ಹಾರ್ಟ್ ಸ್ಪೆಷಲಿಸ್ಟ್ ಆಟೊಮ್ಯಾಟಿಕ್ ಬಿಟ್ಟರೆ ಬೇರೆ ಇಲ್ಲ ಅಂದರು. ಕೇಳಿದರೆ, ಇವರ್‍ಯಾರೂ ಒಂದು ಗುಂಡೂ ಹೊಡೆದವರಲ್ಲ.

ನಮ್ಮವರು ಇನ್ನೂ ಒಂದು ಹೆಜ್ಜೆ ಮುಂದೆ. ವಿಮಾನದ ರೆಕ್ಕೆಗಳಿಗೆ ಲೆಕ್ಕ ಹಾಕುವ ಎಂಜಿನಿಯರ್. ಲೈಬ್ರರಿಯಿಂದ ಪುಸ್ತಕ ತಂದು, ಗ್ರಾಫ್ ಪೇಪರಿನ ಮೇಲೆ ಯಾವ ಗುಂಡಿಗೆ ಎಷ್ಟು ವೇಗ ಅಂತ ಗೆರೆ ಎಳೆದರು. “ನೋಡು ವಿಮಲಾ, ಸೈಂಟಿಫಿಕ್ ಆಗಿ ಯೋಚನೆ ಮಾಡಬೇಕು” ಅಂದರು. ಗೆರೆ ಚೆನ್ನಾಗಿತ್ತು. ಅದರಲ್ಲಿ ನಾನು ಎಲ್ಲಿಯೂ ಇರಲಿಲ್ಲ.

ಕೊನೆಗೆ ಫೋನ್ ಬಂದದ್ದು ದಕ್ಷಿಣಕ್ಕಿರುವ ಪೊವೇ ಊರಿನಿಂದ. ನಮ್ಮ ಹಳೆಯ ಸ್ನೇಹಿತ ಪಾಟೀಲರು. ಹುಬ್ಬಳ್ಳಿಯವರು, ಅಲ್ಲೊಂದು ಕಂಪನಿಯಲ್ಲಿ ಎಂಜಿನಿಯರ್. ನಮ್ಮ ಪೈಕಿ ನಿಜವಾಗಿ ಬಂದೂಕು ಇಟ್ಟುಕೊಂಡವರು ಅವರೊಬ್ಬರೇ.

“ವೈನಿ, ಯಾಕ ಚಿಂತಿ ಮಾಡ್ತೀರಿ? ನನ್ನ ಕಡೆ ಒಂದ್ ಐತಿ. ಸಣ್ಣದು, ಹಗೂರ ಐತಿ. ಹೆಣ್ಮಕ್ಕಳ ಕೈಗೆ ಹೇಳಿ ಮಾಡ್ಸಿದಂಗ ಐತಿ. ಈ ಶನಿವಾರ ಬರ್ರಿ, ಇಲ್ಲೇ ಗುಡ್ಡದಾಗ ಗುಂಡು ಹೊಡಿಯೋ ರೇಂಜ್ ಐತಿ.”

ಹೋದೆವು. ಮಗಳು ಸ್ಮಿತಾಳನ್ನು ಪಾಟೀಲರ ಮನೆಯಲ್ಲಿ ಅವರ ಹೆಂಡತಿಯ ಹತ್ತಿರ ಬಿಟ್ಟು, ಮೂವರೂ ಗುಡ್ಡದ ಕಡೆ ಹೊರಟೆವು. ಒಣ ಹುಲ್ಲು, ದುಂಡು ಬಂಡೆಗಳು, ಬಿಸಿ ಗಾಳಿ. ಉದ್ದಕ್ಕೆ ಒಂದು ಶೆಡ್ಡು, ಅದರ ಕೆಳಗೆ ಬೆಂಚುಗಳು. ಎದುರಿಗೆ ಮಣ್ಣಿನ ದಿಬ್ಬ. ಅದೇ ರೇಂಜು.

ಪಾಟೀಲರ ರಿವಾಲ್ವರ್ ಮೊಂಡು ಮೂತಿಯದು. ಅಂಗೈಯಲ್ಲಿ ಮುಚ್ಚಿಡಬಹುದು, ಅಷ್ಟು ಪುಟ್ಟದು. ನಿಜವಾಗಿಯೂ ಹಗುರ. ಕಿವಿಗೆ ಇಟ್ಟುಕೊಳ್ಳಲು ಎರಡು ಹತ್ತಿಯುಂಡೆ ಕೊಟ್ಟರು. “ಹಿಡೀರಿ, ನೋಡ್ರಿ, ಒತ್ತ್ರಿ. ಅಷ್ಟ.”

ಒತ್ತಿದೆ.

ಏನಾಯಿತು ಅಂತ ಹೇಳುವುದು ಕಷ್ಟ. ಹೆಬ್ಬೆರಳ ಬುಡಕ್ಕೆ ಯಾರೋ ಕಲ್ಲುಗುಂಡಿನಿಂದ ಹೊಡೆದ ಹಾಗಾಯಿತು. ರಿವಾಲ್ವರ್ ಹಣೆಯ ಕಡೆ ಎದ್ದು ಬಂತು. ಕಿವಿ ಗುಂಯ್ ಅಂತ ಮುಚ್ಚಿಹೋಯಿತು. ರಿವಾಲ್ವರನ್ನು ಬೆಂಚಿನ ಮೇಲೆ ಇಟ್ಟೆ. ಇಟ್ಟೆ ಅನ್ನುವುದಕ್ಕಿಂತ ಬಿಟ್ಟೆ. ಕೈ ಹಿಡಿದುಕೊಂಡು, ನೋಡುತ್ತಿದ್ದವರ ಮುಂದೆಯೇ ಅಳುತ್ತಾ ನಿಂತೆ.

“ಎಲ್ಲಾರಿಗೂ ಮೊದಲ ಸಲ ಹಂಗ ಆಕ್ಕತಿ” ಅಂದರು ಪಾಟೀಲರು, ಪಾಪ. ನಮ್ಮವರು ರಿವಾಲ್ವರ್ ತೆಗೆದುಕೊಂಡು ಒಂದು ಗುಂಡು ಹೊಡೆದರು. ದಿಬ್ಬದ ಮೇಲ್ತುದಿಯಲ್ಲಿ ಧೂಳೆದ್ದಿತು. “ಅಂಥದ್ದೇನಿಲ್ಲ, ಅಭ್ಯಾಸ ಆಗಬೇಕು” ಅಂದರು. ಧ್ವನಿ ಯಾಕೋ ಸ್ವಲ್ಪ ತೆಳ್ಳಗಿತ್ತು.

ಆಗ ಹಿಂದಿನಿಂದ ಒಂದು ಹೆಂಗಸಿನ ದನಿ ಕೇಳಿತು. “ಆಕೆಗೆ ಇದನ್ನು ಕೊಟ್ಟವರು ಯಾರು?”

ತಿರುಗಿ ನೋಡಿದೆ. ಅರವತ್ತೈದರ ಹೆಂಗಸು. ಬಿಳಿ ಕೂದಲು, ಮೀನು ಹಿಡಿಯುವವರು ಹಾಕುವಂಥ ಟೋಪಿ, ಗಂಡಸರ ಶರಟು. ಹೆಸರು ಮಾರ್ಜ್. ನೇವಿಯಲ್ಲಿ ನರ್ಸ್ ಆಗಿದ್ದು ರಿಟೈರ್ ಆದವರು. ಶನಿವಾರ ಶನಿವಾರ ಆ ರೇಂಜಿನಲ್ಲಿ ಹೊಸಬರಿಗೆ ಹೇಳಿಕೊಡುತ್ತಾರೆ.

ಪಾಟೀಲರು ಕೈ ಎತ್ತಿದರು, ಸ್ಕೂಲಿನಲ್ಲಿ ಎತ್ತುವ ಹಾಗೆ. “ಚಿಕ್ಕದು ಅಂತ ಕೊಟ್ಟೆ.”

“ಚಿಕ್ಕದು ಜೇಬಿಗೆ ಸುಖ, ಕೈಗೆ ಅಲ್ಲ” ಅಂದರು ಮಾರ್ಜ್. “ಬಂದೂಕು ಭಾರ ಇದ್ದರೆ ಗುಂಡು ಹಾರಿದಾಗ ಬರೋ ಒದೆಯಲ್ಲಿ ಅರ್ಧವನ್ನು ತಾನೇ ನುಂಗಿಕೊಳ್ಳುತ್ತೆ. ಹಗುರ ಇದ್ದರೆ ಪೂರ್ತಿ ನಿನ್ನ ಕೈಗೇ ಕೊಡುತ್ತೆ. ಇದರಲ್ಲಿ ಹೊಡೆಯೋದು ನನಗೂ ಇಷ್ಟ ಇಲ್ಲ.”

ನನ್ನನ್ನು ಶೆಡ್ಡಿನ ಆ ಕೊನೆಗೆ ಕರೆದುಕೊಂಡು ಹೋದರು. ಸೋಡಾ ಇಟ್ಟಿದ್ದ ಪೆಟ್ಟಿಗೆಯಿಂದ ಐಸ್ ತೆಗೆದು, ಕರ್ಚೀಫಿನಲ್ಲಿ ಸುತ್ತಿ, ಹೆಬ್ಬೆರಳ ಬುಡಕ್ಕೆ ಒತ್ತಿ ಹಿಡಿದರು. ಆಮೇಲೆ ನನ್ನ ಅಂಗೈಯನ್ನು ಬಿಡಿಸಿ, ತಿರುಗಿಸಿ, ಬೆರಳು ಬೆರಳೂ ನೋಡಿದರು. ಕೈ ನಡುಗುತ್ತಿತ್ತು.

“ಇದು ಈಗ ಶುರುವಾದ ನಡುಕ ಅಲ್ಲ” ಅಂದರು. “ಏನು ಕೆಲಸ ಮಾಡ್ತೀಯ?”

“ಫಾರ್ಮಸಿಸ್ಟ್.”

“ಏನಾಯಿತು?”

ಅಷ್ಟೇ ಕೇಳಿದ್ದು. ಒಂದು ತಿಂಗಳಿನಿಂದ ಯಾರೂ ಕೇಳದ ಪ್ರಶ್ನೆ. ಹೇಳಿದೆ. ಚೀಟಿ, ಜಾಕೆಟ್ಟು, ಥ್ಯಾಂಕ್ಯೂ ಮ್ಯಾಮ್, ಎರಡರಷ್ಟು ಪವರಿನ ಮಾತ್ರೆ, ಎಲ್ಲ ಹೇಳಿದೆ. ಗಂಡನಿಗೆ ಹೇಳದೇ ಇದ್ದದ್ದನ್ನು ಗುರುತಿಲ್ಲದ ಹೆಂಗಸಿಗೆ, ನನ್ನದಲ್ಲದ ಭಾಷೆಯಲ್ಲಿ ಹೇಳಿದೆ. ಆಕೆ ಐಸ್ ಒತ್ತಿಕೊಂಡೇ ಕೇಳಿದರು. ಅಯ್ಯೋ ಅನ್ನಲಿಲ್ಲ. ದೇವರು ದೊಡ್ಡವನು ಅನ್ನಲಿಲ್ಲ.

“ಇವತ್ತು ಇನ್ನು ಹೊಡೆಯೋದು ಬೇಡ” ಅಂದರು ಕೊನೆಗೆ. “ಕಿವಿಗೆ ಇದನ್ನು ಹಾಕಿಕೊಂಡು ಇಲ್ಲೇ ಕೂತಿರು. ಬೇರೆಯವರು ಹೊಡೆಯೋದನ್ನು ನೋಡು. ಮುಂದಿನ ಶನಿವಾರ ಬಾ. ಆ ಇಬ್ಬರು ಗಂಡಸರನ್ನೂ ಮನೆಯಲ್ಲಿ ಬಿಟ್ಟು ಬಾ.”

ಮೊದಲು ಕಿವಿಯೊಳಗೆ ಮೆತ್ತನೆಯ ಬಿರಡೆ. ಅದರ ಮೇಲೆ ಟೇಪ್ ರೆಕಾರ್ಡರಿಗೆ ಹಾಕುವ ಹೆಡ್‌ಫೋನಿನಂಥ ದಪ್ಪ ಮುಚ್ಚಳ. ಎರಡೂ ಹಾಕಿಕೊಂಡ ಮೇಲೆ ಗುಂಡಿನ ಸದ್ದು ಪಕ್ಕದ ಮನೆಯಲ್ಲಿ ಯಾರೋ ಬಾಗಿಲು ಹಾಕಿದ ಹಾಗೆ ಕೇಳಿತು. ಅರ್ಧ ಹೆದರಿಕೆ ಕಿವಿಯಲ್ಲೇ ಇತ್ತು ಅಂತ ಆವತ್ತು ಗೊತ್ತಾಯಿತು.

ಮುಂದಿನ ಶನಿವಾರ ಒಬ್ಬಳೇ ಹೊರಟೆ. ಗ್ಲೆಂಡೇಲ್‌ನಿಂದ ಪೊವೇಗೆ ಎರಡು ಗಂಟೆಗೂ ಹೆಚ್ಚಿನ ಡ್ರೈವ್. ನಾನು ಅಷ್ಟು ದೂರ ಒಬ್ಬಳೇ ಫ್ರೀವೇಯಲ್ಲಿ ಹೋದವಳೇ ಅಲ್ಲ. “ಒಬ್ಬಳೇ ಹೋಗ್ತೀಯಾ?” ಅಂದರು ನಮ್ಮವರು. “ಹೂಂ” ಅಂದೆ. ಮತ್ತೆ ಕೇಳಲಿಲ್ಲ. ಕಾರಿನ ಟೈರಿಗೆ ಗಾಳಿ ಇದೆಯೇ ನೋಡಿ, ಫ್ಲಾಸ್ಕಿನಲ್ಲಿ ಕಾಫಿ ತುಂಬಿಸಿ ಕೊಟ್ಟರು. (ಆ ಕಾಫಿ ಕುಡಿಯುವ ಹಾಗಿರಲಿಲ್ಲ. ಆದರೂ ಕುಡಿದೆ.) ಸ್ಯಾನ್ ಕ್ಲೆಮೆಂಟೆ ದಾಟಿದ ಮೇಲೆ ಬಲಗಡೆ ಸಮುದ್ರ ಬರುತ್ತೆ. ಸ್ಟಿಯರಿಂಗ್ ಹಿಡಿದ ಕೈಯನ್ನು ಸಡಿಲ ಬಿಟ್ಟದ್ದು ಅಲ್ಲಿ.

ಮಾರ್ಜ್ ಬೆಂಚಿನ ಮೇಲೆ ಟವೆಲ್ ಹಾಸಿ ಮೂರು ಬಂದೂಕು ಇಟ್ಟಿದ್ದರು. ಮೂರೂ ಖಾಲಿ. ಖಾಲಿ ಅಂತ ಅವರು ನೋಡಿದರು, ಆಮೇಲೆ ನಾನು ನೋಡಬೇಕು. ನಾನು ನೋಡಿದ ಮೇಲೆ ಅವರು ಮತ್ತೆ ನೋಡಿದರು. ಮಾತ್ರೆ ಕೊಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

“ಯಾವುದು ಒಳ್ಳೆಯದು ಅಂತ ಕೇಳಬೇಡ” ಅಂದರು. “ಒಂದೊಂದನ್ನೇ ಹಿಡಿ. ಯಾವುದು ನಿನ್ನ ಕೈಯಲ್ಲಿ ಸುಮ್ಮನೆ ಕೂತುಕೊಳ್ಳುತ್ತೋ ನೋಡೋಣ.”

ಒಂದು ಆಟೊಮ್ಯಾಟಿಕ್. ಅದರ ಮೇಲ್ಭಾಗವನ್ನು ಹಿಂದಕ್ಕೆ ಎಳೆಯಬೇಕು. ಎರಡೂ ಕೈಯಲ್ಲಿ ಎಳೆದರೂ ಅರ್ಧಕ್ಕೇ ನಿಂತಿತು. ಅದನ್ನು ಪಕ್ಕಕ್ಕಿಟ್ಟೆವು. (ಹಾರ್ಟ್ ಸ್ಪೆಷಲಿಸ್ಟರಿಗೆ ನಮಸ್ಕಾರ.) ಎರಡನೆಯದು ಉಕ್ಕಿನ ರಿವಾಲ್ವರ್, ಪಾಟೀಲರದ್ದಕ್ಕೆ ಹಾಕುವ ಅಳತೆಯದೇ ಗುಂಡು. ಆದರೆ ಉದ್ದ ನಳಿಗೆ, ಎರಡರಷ್ಟು ಭಾರ, ಹಿಡಿಗೆ ದಪ್ಪ ರಬ್ಬರ್. ಗುಂಡಿನಲ್ಲಿ ಮದ್ದು ಕಡಿಮೆ ತುಂಬಿದ್ದೂ ಸಿಗುತ್ತೆ, ಅದನ್ನು ಹಾಕಿದರೆ ಒದೆ ಬರೀ ತಳ್ಳಿದ ಹಾಗಿರುತ್ತೆ ಅಂದರು. ಪರವಾಗಿಲ್ಲ ಅನ್ನಿಸಿತು. ಆದರೆ ಹಿಡಿ ದಪ್ಪ, ತೋರುಬೆರಳು ಟ್ರಿಗರಿನ ತನಕ ಪೂರ್ತಿ ಮುಟ್ಟುತ್ತಿರಲಿಲ್ಲ.

ಮೂರನೆಯದು ಇಪ್ಪತ್ತೆರಡರ ರಿವಾಲ್ವರ್, ಅಂದರೆ ತೀರಾ ಸಣ್ಣ ಅಳತೆಯ ಗುಂಡಿನದು. ಗುಂಡು ನೋಡಿದರೆ ಸಾರಿನ ಜೀರಿಗೆಗಿಂತ ಸ್ವಲ್ಪ ದೊಡ್ಡದು ಅನ್ನಬೇಕು. (ಉತ್ಪ್ರೇಕ್ಷೆ. ಲವಂಗ ಅನ್ನೋಣ.) ರಿವಾಲ್ವರ್ ಮಾತ್ರ ಇಸ್ತ್ರಿಪೆಟ್ಟಿಗೆಯ ಹಾಗೆ ಗಟ್ಟಿಯಾಗಿ ಕೂತಿತು. ಹಿಡಿ ತೆಳ್ಳಗಿತ್ತು. ಬೆರಳ ತುದಿಯ ಮೆತ್ತನೆ ಭಾಗ ಟ್ರಿಗರ್ ಮೇಲೆ ಸರಿಯಾಗಿ ಬಿತ್ತು. ಮಣಿಕಟ್ಟು ಎಲ್ಲೂ ತಿರುಚಲಿಲ್ಲ.

“ಇದು” ಅಂದೆ.

“ನಾನು ಹೇಳೋ ಮೊದಲೇ ನಿನ್ನ ಕೈ ಹೇಳಿತು” ಅಂದರು.

“ಇಷ್ಟು ಸಣ್ಣ ಗುಂಡಿನದನ್ನು ತಗೊಂಡರೆ ನಗ್ತಾರೆ.”

“ಯಾರು? ತಟ್ಟೆಯಾ?”

ಅವರು ಗುರಿಗೆ ಪೇಪರ್ ತಟ್ಟೆ ನೇತುಹಾಕುತ್ತಾರೆ. ಪಿಕ್ನಿಕ್‌ಗೆ ತರುತ್ತೇವಲ್ಲ, ಅದೇ.

ಆವತ್ತು ಒಂದೇ ಒಂದು ಗುಂಡೂ ಹಾಕಲಿಲ್ಲ. ಖಾಲಿ ರಿವಾಲ್ವರಿನ ನಳಿಗೆಯ ಮೇಲೆ ಒಂದು ನಾಣ್ಯ ಇಡುತ್ತಿದ್ದರು. ನಾಣ್ಯ ಬೀಳದ ಹಾಗೆ ಟ್ರಿಗರ್ ಒತ್ತಬೇಕು. ಮೊದಲ ಅರ್ಧ ಗಂಟೆ ನಾಣ್ಯ ಆರಿಸುವುದೇ ಆಯಿತು. ನನಗೆ ಅಳು ಬಂತು. “ನಡುಕ ನಿಲ್ಲುತ್ತಿಲ್ಲ” ಅಂದೆ.

“ಯಾರು ನಿಲ್ಲಿಸು ಅಂದರು? ಎಲ್ಲರ ಕೈಯೂ ನಡುಗುತ್ತೆ. ನನ್ನದೂ ನೋಡು.” ತಮ್ಮ ಕೈ ಚಾಚಿ ತೋರಿಸಿದರು. ನಿಜ, ಸಣ್ಣಗೆ ನಡುಗುತ್ತಿತ್ತು. “ನಿಲ್ಲಲಿ ಅಂತ ಕಾಯಬೇಡ. ನಡುಗುತ್ತಲೇ, ಮೆತ್ತಗೆ ಒತ್ತು. ನಾನು ಇಪ್ಪತ್ಮೂರು ವರ್ಷದವಳಿದ್ದಾಗ ಆಸ್ಪತ್ರೆ ಹಡಗಿನಲ್ಲಿದ್ದೆ. ಗಾಯಾಳುಗಳು ಬಂದ ಮೊದಲ ದಿನ ಸಿರಿಂಜ್ ಹಿಡಿಯೋಕೆ ಆಗಲಿಲ್ಲ. ಹಿರಿಯ ನರ್ಸ್ ಒಬ್ಬಳು ಇದನ್ನೇ ಹೇಳಿದಳು. ನಡುಗು, ಆದರೆ ಕೊಡು ಅಂತ.”

ನಾಣ್ಯ ಒಂದು ಸಲ ನಿಂತಿತು. ಆಮೇಲೆ ಎರಡು ಸಲ.

ಮೂರನೇ ಶನಿವಾರ ಗುಂಡು ಹಾಕಿದೆವು. ಟಪ್ ಅಂತ ಸದ್ದು. ಒದೆಯೇ ಇಲ್ಲ ಅನ್ನಬಹುದು. ಯಾರೋ ಕೈ ಕುಲುಕಿ ಬಿಟ್ಟ ಹಾಗೆ. ಆದರೂ ನನ್ನ ಗುಂಡುಗಳೆಲ್ಲ ತಟ್ಟೆಯಿಂದ ಒಂದು ಗೇಣು ಕೆಳಗೆ. ಮಾರ್ಜ್ ರಿವಾಲ್ವರ್ ತೆಗೆದುಕೊಂಡು, ನನ್ನ ಕಡೆ ಬೆನ್ನು ಹಾಕಿ ಗುಂಡು ತುಂಬಿಸಿ ಕೊಟ್ಟರು. ಒತ್ತಿದೆ, ಟಪ್. ಒತ್ತಿದೆ, ಟಪ್. ಮೂರನೇ ಸಲ ಒತ್ತಿದೆ. ಬರೀ ಕ್ಲಿಕ್. ಗುಂಡು ಕೂರುವ ಆ ಗೂಡಿನಲ್ಲಿ ಗುಂಡೇ ಇರಲಿಲ್ಲ. ಬೇಕೆಂದೇ ಖಾಲಿ ಬಿಟ್ಟಿದ್ದರು. ಗುಂಡಿಲ್ಲದ ರಿವಾಲ್ವರಿನ ಮೂತಿ ನನ್ನ ಕೈಯಲ್ಲಿ ತಾನಾಗಿ ಕೆಳಕ್ಕೆ ಜಗ್ಗಿತು. ಕಣ್ಣೂ ಮುಚ್ಚಿತ್ತು.

“ನೋಡಿದೆಯಾ?” ಅಂದರು. “ಒದೆ ಬರೋ ಮೊದಲೇ ನೀನು ಒದೆ ತಿಂದಾಗಿದೆ.”

ಓದುಗರೇ, ನಾನು ಆ ಬೆಂಚಿನ ಮೇಲೆ ಕೂತುಬಿಟ್ಟೆ. ಬಾಗಿಲ ಸದ್ದು, ಕಾರಿನ ಸದ್ದು, ಕಂದು ಜಾಕೆಟ್ಟು, ಎಲ್ಲದಕ್ಕೂ ನಾನು ಮಾಡುತ್ತಿದ್ದದ್ದು ಇದನ್ನೇ. ಹೀಗಿದೆ ಅಂತ ಯಾರಾದರೂ ಬಾಯಲ್ಲಿ ಹೇಳಿದ್ದರೆ ಒಪ್ಪುತ್ತಿರಲಿಲ್ಲ. ಕಣ್ಣಾರೆ ನೋಡಿದೆ.

ರಜ ಮುಗಿಸಿ ಕೆಲಸಕ್ಕೆ ಹೋದ ದಿನ ಟ್ರೇ ಎಳೆದುಕೊಂಡೆ. ಕೈ ನಡುಗಿತು. ನಿಲ್ಲಲಿ ಅಂತ ಕಾಯಲಿಲ್ಲ. ನಡುಗುತ್ತಲೇ ಮೆತ್ತಗೆ ಐದು ತಳ್ಳಿದೆ. ಮತ್ತೆ ಐದು. ಒಂದು ಬಾಟಲಿಗೆ ಮೊದಲಿನ ಎರಡರಷ್ಟು ಹೊತ್ತು ಹಿಡಿಯಿತು. ಹಾಕೋಪ್ ಪ್ರತಿಯೊಂದನ್ನೂ ತೆರೆದು ನೋಡಿದರು, ನಾನೇ ನೋಡಿ ಅಂದಿದ್ದೆ. ಎರಡನೇ ವಾರದ ಕೊನೆಗೆ ಅವರು ನೋಡುವುದನ್ನು ಬಿಟ್ಟರು. ಮಿಸೆಸ್ ಕೆಲ್ಲರ್ ಬಂದಾಗ ಅವರ ಮಾತ್ರೆ ನಾನೇ ಎಣಿಸಿ, ನಾನೇ ಕೈಗೆ ಕೊಟ್ಟೆ. “ನೀನು ಊರಿಗೆ ಹೋಗಿದ್ದೆಯಾ ಮಗು, ಕಾಣಲಿಲ್ಲ” ಅಂದರು ಅಜ್ಜಿ.

ಇನ್ನು ಕೌಂಟರಿನ ಕೆಳಗಿನ ರಿವಾಲ್ವರಿನ ವಿಷಯ. ಅದು ಬಾಕಿ ಇತ್ತಲ್ಲ. ಮುಂದಿನ ಶನಿವಾರ ಮಾರ್ಜ್ ಅವರನ್ನು ಕೇಳಿದೆ. “ಅಂಗಡಿಗೆ ಯಾವುದು ಸರಿ? ಉಕ್ಕಿನದಾ?”

ಅವರು ತಿರುಗಿ ಕೇಳಿದರು. “ಆವತ್ತು ಅವನ ಕೈ ಎಲ್ಲಿತ್ತು?”

“ರಿವಾಲ್ವರಿನ ಮೇಲೆ.”

“ನಿನ್ನದು?”

“ಟ್ರೇ ಮೇಲೆ.”

“ಬಾಗಿಲಲ್ಲಿ?”

ಮಿಸೆಸ್ ಕೆಲ್ಲರ್. ಊರುಗೋಲು ಹಿಡಿದುಕೊಂಡು, ಅಂದೆ.

“ಯಾವ ಸೈಜಿನದು ತಗೊಂಡರೂ ಆ ಅಜ್ಜಿ ಬಾಗಿಲಲ್ಲೇ ಇರ್ತಾರೆ” ಅಂದರು ಮಾರ್ಜ್. “ಬೇಡ ಅಂತ ನಾನು ಹೇಳಲ್ಲ. ನನ್ನ ಮನೆಯಲ್ಲೂ ಒಂದಿದೆ. ನಿನ್ನ ಅಂಗಡಿ ನಿನಗೆ ಗೊತ್ತು, ನನಗೆ ಗೊತ್ತಿಲ್ಲ.”

ಎರಡು ದಿನ ಯೋಚಿಸಿ ಹಾಕೋಪ್‌ಗೆ ಹೇಳಿದೆ. ನೀವು ಇಡುವುದಾದರೆ ಇಡಿ, ನಿಮ್ಮ ಅಂಗಡಿ. ಆದರೆ ನಾನು ಅದಕ್ಕೆ ಕೈ ಹಾಕುವುದಿಲ್ಲ. ಅಜ್ಜಿ ಬಾಗಿಲಲ್ಲಿ ನಿಂತಿದ್ದದ್ದನ್ನೂ ಹೇಳಿದೆ. ಅವರು ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದರಲ್ಲ, ಅದು ಅವರಿಗೆ ಗೊತ್ತಿರಲಿಲ್ಲ. ಯುದ್ಧದ ಕಾಲದ ಬೇರೂತಿನಲ್ಲಿ ತಮ್ಮ ಆಗಿನ ಅಂಗಡಿಯ ಬಾಗಿಲಲ್ಲಿ ಏನು ನೋಡಿದ್ದರೋ, ಅದನ್ನು ಹೇಳಲಿಲ್ಲ. ಆ ಸಂಜೆ ರಿವಾಲ್ವರನ್ನು ಮನೆಗೆ ತೆಗೆದುಕೊಂಡು ಹೋದರು. ಆ ವಾರವೇ ಬೀಗದ ಮಾತ್ರೆಗಳ ಕಪಾಟು ಹಿಂದಿನ ಕೋಣೆಗೆ ಹೋಯಿತು. ಅಂಗಡಿಯಲ್ಲಿ ಯಾವಾಗಲೂ ಇಬ್ಬರು ಇರಬೇಕು ಅಂತ ಆಯಿತು. (ಹಲ್ಲುನೋವು ಇನ್ನು ಭಾನುವಾರವೇ ಬರಬೇಕು.)

ಮತ್ತೆ ಇಪ್ಪತ್ತೆರಡರ ರಿವಾಲ್ವರ್? ತೆಗೆದುಕೊಂಡೆ. ನನಗೋಸ್ಕರ. ಫಾರಂ ತುಂಬಿ ಎರಡು ವಾರ ಕಾಯಬೇಕು, ಇಲ್ಲಿನ ಕಾನೂನು. ಕಾದೆ. ಗ್ಲೆಂಡೇಲ್‌ನ ಮನೆಗೆ ತರಲಿಲ್ಲ, ಮನೆಯಲ್ಲಿ ಹನ್ನೆರಡು ವರ್ಷದ ಮಗಳಿದ್ದಾಳೆ. ರೇಂಜಿನ ಲಾಕರಿನಲ್ಲಿ ಇರುತ್ತೆ, ಬೀಗದ ಕೈ ನನ್ನ ಹತ್ತಿರ. “ಸೋ ಯು ಡ್ರೈವ್ ಟು ಅವರ್ಸ್ ಟು ಶೂಟ್ ಎ ಪ್ಲೇಟ್?” ಅಂದಳು ಸ್ಮಿತಾ. ಹೌದಮ್ಮ ಅಂದೆ. ಮಾರ್ಜ್‌ಗೆ ಅಂತ ಕರಿದ ಚಕ್ಕುಲಿಯ ಡಬ್ಬ ಅವಳೇ ಕಾರಿನಲ್ಲಿ ಇಟ್ಟಳು.

ಚಕ್ಕುಲಿ ಕೊಟ್ಟು, ಅಭ್ಯಾಸ ಮಾಡಿಕೊಂಡು ಹೋಗಿದ್ದ ನಾಲ್ಕು ಇಂಗ್ಲಿಷ್ ವಾಕ್ಯ ಹೇಳಲು ಶುರು ಮಾಡಿದೆ. ನೀವು ನನ್ನ ಕೈಯನ್ನು ನನಗೆ ವಾಪಸ್ ಕೊಟ್ಟಿರಿ ಅಂತ. ಮೊದಲ ವಾಕ್ಯಕ್ಕೇ ಅವರು ಕಿವಿಗೆ ಮುಚ್ಚಳ ಹಾಕಿಕೊಂಡರು. ಹಾಕಿಕೊಂಡೇ ಚಕ್ಕುಲಿ ಕಡಿದರು.

ಪಾಟೀಲರಿಗೂ ಋಣಿ. ಅವರು ತಮ್ಮ ಪುಟ್ಟ ರಿವಾಲ್ವರ್ ಕೊಡದಿದ್ದರೆ ನಾನು ಅಳುತ್ತಿರಲಿಲ್ಲ, ಅಳದಿದ್ದರೆ ಮಾರ್ಜ್ ಬರುತ್ತಿರಲಿಲ್ಲ. “ತಪ್ಪಾತ್ರಿ ವೈನಿ, ಸಣ್ಣದು ಅಂದ್ರ ಸಸಾರ ಅಂತ ತಿಳ್ಕೊಂಡಿದ್ದೆ” ಅಂದರು. ಈಗ ಅವರೂ ಶನಿವಾರ ಮಾರ್ಜ್ ಹತ್ತಿರ ಪಾಠಕ್ಕೆ ಬರುತ್ತಾರೆ.

ಹೋದ ಶನಿವಾರ ನಮ್ಮವರು ನಾನೂ ಬರುತ್ತೇನೆ ಅಂದರು. ಸ್ಮಿತಾಳನ್ನು ಪಾಟೀಲರ ಮನೆಯಲ್ಲಿ ಬಿಟ್ಟು ಇಬ್ಬರೇ ರೇಂಜಿಗೆ ಹೋದೆವು. ಶೆಡ್ಡಿನ ಹಿಂದಿನ ಬೆಂಚಿನಲ್ಲಿ ಕೂತು, ಕಿವಿ ಮುಚ್ಚಿಕೊಂಡು, ನಾನು ಆರು ಗುಂಡು ಹೊಡೆಯುವುದನ್ನು ನೋಡಿದರು. ತಟ್ಟೆ ಬಿಚ್ಚಿ ತಂದು ಅವರ ಕೈಗೆ ಕೊಟ್ಟೆ. ತೂತುಗಳ ಮೇಲೆ ಬೆರಳಾಡಿಸಿದರು.

ವಾಪಸ್ ಬರುವಾಗ ನಾನೇ ಡ್ರೈವ್ ಮಾಡುತ್ತಿದ್ದೆ. ಸಮುದ್ರ ಈಗ ಎಡಗಡೆ. ಹಿಂದಿನ ಸೀಟಿನಲ್ಲಿ ಮಗಳು ನಿದ್ದೆ ಮಾಡುತ್ತಿದ್ದಳು. ನಮ್ಮವರು ಕಿಟಕಿಯ ಕಡೆ ನೋಡಿಕೊಂಡೇ ಹೇಳಿದರು.

“ಆವತ್ತು ಪಾಟೀಲರ ರಿವಾಲ್ವರ್ ಹೊಡೆದೆನಲ್ಲ. ಕಣ್ಣು ಮುಚ್ಚಿಕೊಂಡೇ ಹೊಡೆದದ್ದು.”

“ಗೊತ್ತು” ಅಂದೆ.

“ನಿನಗೆ ಅಂಗಡಿಯಲ್ಲಿ ಹಾಗಾದಾಗಿಂದ, ನೀನು ಬೆಳಿಗ್ಗೆ ಕೆಲಸಕ್ಕೆ ಹೊರಟರೆ ಸಂಜೆ ನಿನ್ನ ಕಾರಿನ ಸದ್ದು ಕೇಳೋ ತನಕ ನನಗೆ ನೆಮ್ಮದಿ ಇರ್ತಿರಲಿಲ್ಲ, ಆಫೀಸಿನಲ್ಲಿ ಒಂದು ಗೆರೆ ಎಳೆಯೋಕೆ ಆಗ್ತಿರಲಿಲ್ಲ. ಬೇಗ ಮನೆಗೆ ಬಂದು ಕಿಟಕಿ ಹತ್ತಿರ ನಿಂತಿರ್ತಿದ್ದೆ. ಅದಕ್ಕೇ ಆ ಗ್ರಾಫ್ ಪೇಪರ್ ಎಲ್ಲ.”

ಇದು ನನಗೆ ಗೊತ್ತಿರಲಿಲ್ಲ. ಹದಿನೈದು ವರ್ಷದ ಸಂಸಾರ. ಒಂದೇ ಮನೆ, ಒಂದೇ ಟೇಬಲ್ಲಿನಲ್ಲಿ ಊಟ. ಎರಡು ತಿಂಗಳು ಇಬ್ಬರೂ ಹೆದರಿಕೊಂಡೇ ಇದ್ದೆವು, ಬೇರೆ ಬೇರೆಯಾಗಿ. ಅವರು ಬಲಗಡೆ ಕೂತಿದ್ದರು. ಬಲಗೈ ಚಾಚಿದೆ. ಹಿಡಿದುಕೊಂಡರು.

ನನಗೆ ಭಯ ಆಗ್ತಿದೆ ಅನ್ನುವ ಇಷ್ಟು ಪುಟ್ಟ ಮಾತನ್ನು ಮನೆಯವರ ಹತ್ತಿರ ಆಡುವುದಕ್ಕೆ, ನಾವು ಯಾಕೆ ಇಷ್ಟು ಭಯಪಡುತ್ತೇವೆ?